ಮರ ಹತ್ತಿದ ಕನ್ನಡಕ

ಹೊಸ ಪೆನ್ಸಿಲನ್ನು ಹೆರೆದಾಗ ಬರುವ ವಾಸನೆ ಇದೆಯಲ್ಲ, ಅದೇ ಕನ್ನಡಕಪ್ಪನನ್ನು ಕೆಡಿಸಿದ್ದು ಎಂದು ಅವನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಎರಡನೆಯ ತರಗತಿಯಲ್ಲಿ ಅವನು ಪಾಠ ಬಿಟ್ಟು ಪೆನ್ಸಿಲ್ ಹೆರೆಯುತ್ತಿದ್ದ. ಸುರುಳಿಯಾಗಿ ಬೀಳುವ ಸಿಪ್ಪೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ. ಮೇಷ್ಟರು ಕಿವಿ ಹಿಂಡಬಹುದಿತ್ತು, ಹಿಂಡಲಿಲ್ಲ. "ಅದು ಎಲ್ಲೋ ದೂರದ ಚಳಿ ದೇಶದ ಮರ ಕಣೋ. ನೀನು ನೋಡದೇ ಇರೋ ಮರ ನಿನ್ನ ಮೂಗಿನ ತನಕ ಬಂದಿದೆ ನೋಡು" ಎಂದರು. ಮೇಷ್ಟರು ಆ ಮಾತನ್ನು ಆ ಗಳಿಗೆಗೇ ಮರೆತಿರಬೇಕು. ಹುಡುಗನ ತಲೆಯೊಳಗೆ ಅದು ಬೇರು ಬಿಟ್ಟುಬಿಟ್ಟಿತು. ಅಂದಿನಿಂದ ಅವನಿಗೆ ಮರ ಎಂದರೆ ಪ್ರಾಣ. ನೋಡುವುದಕ್ಕೆ ಮಾತ್ರ, ಹತ್ತುವ ವಿಷಯಕ್ಕೆ ಆಮೇಲೆ ಬರೋಣ.

ದೊಡ್ಡವನಾದ ಮೇಲೆ ಅವನು ಕನ್ನಡಕದ ಅಂಗಡಿ ಇಟ್ಟ. ಬೀದಿಯವರು ಅವನ ನಿಜವಾದ ಹೆಸರನ್ನು ಮರೆತು ಕನ್ನಡಕಪ್ಪ ಎಂದು ಕರೆಯತೊಡಗಿ ಎಷ್ಟೋ ಕಾಲವಾಗಿದೆ. ಅಂಗಡಿಯಲ್ಲಿ ಒಂದು ಎತ್ತರದ ಕುರ್ಚಿ, ಫ್ರೇಮುಗಳ ಗಾಜಿನ ಕಪಾಟು, ಲೆನ್ಸುಗಳನ್ನು ಸಾಲಾಗಿ ನಿಲ್ಲಿಸಿದ ಪೆಟ್ಟಿಗೆ. ಎದುರು ಗೋಡೆಯ ಮೇಲೆ, ಕಣ್ಣು ಪರೀಕ್ಷೆಯ ಅಕ್ಷರಗಳಿರಬೇಕಾದ ಜಾಗದಲ್ಲಿ, ಮರಗಳು. ಅಕ್ಷರಗಳ ಹಾಳೆ ಬಿಸಿಲಿಗೆ ಮಾಸಿ ಹೋದ ವರ್ಷವೇ ಕಾಗದದ ವ್ಯಾಪಾರಿಯೊಬ್ಬ ಅವನಿಗೆ ಒಂದು ಕ್ಯಾಲೆಂಡರ್ ಕೊಟ್ಟಿದ್ದ. ತಿಂಗಳಿಗೊಂದು ದೇಶ, ದೇಶಕ್ಕೊಂದು ಮರ. ಕನ್ನಡಕಪ್ಪ ತಾರೀಖುಗಳನ್ನೆಲ್ಲ ಕತ್ತರಿಸಿ ಬಿಸಾಡಿ ಮರಗಳನ್ನು ಮಾತ್ರ ಗೋಡೆಗೆ ಅಂಟಿಸಿದ. ಹಾಗಾಗಿ ಆ ಊರಿನಲ್ಲಿ ಕಣ್ಣು ತೋರಿಸಲು ಹೋದವರೆಲ್ಲ ಲೋಕ ಸುತ್ತಿ ಬರುತ್ತಿದ್ದರು.

"ಆ ಆಫ್ರಿಕಾದ ಮರ ನೋಡಿ. ಕೊಂಬೆ ಕಾಣ್ತಾ?"

"ಇದೇನಪ್ಪಾ, ಬೇರು ಮೇಲೆ ಮಾಡಿ ನೆಟ್ಟಿದಾರೆ?"

"ಹಾಗಾದ್ರೆ ಸರಿಯಾಗೇ ಕಾಣ್ತಿದೆ. ಅದು ಇರೋದೇ ಹಾಗೆ. ಹೊಟ್ಟೆ ತುಂಬ ನೀರು ತುಂಬ್ಕೊಂಡು ಬೇಸಿಗೆ ಕಳಿಯುತ್ತೆ. ನಮ್ಮ ಮನೆ ಟ್ಯಾಂಕ್ ಥರಾನೇ. ಸೋರಲ್ಲ, ಅಷ್ಟೇ ವ್ಯತ್ಯಾಸ."

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಕನ್ನಡಕಪ್ಪನಿಗೆ ಒಂದು ಸಣ್ಣ ಚಪಲ. ಆ ಮರಗಳ ಕೆಳಗೆ ತಾನೇ ನಿಂತು ಬಂದವನ ಹಾಗೆ ಮಾತಾಡುತ್ತಿದ್ದ. "ಅದರ ಬುಡದಲ್ಲಿ ನಿಂತು ತುದಿ ನೋಡಿದ್ರೆ ಕತ್ತು ಹಿಡ್ಕೊಂಡು ಬಿಡುತ್ತೆ ಸ್ವಾಮಿ" ಎಂದು ತನ್ನ ಕತ್ತನ್ನೇ ನೀವಿಕೊಳ್ಳುತ್ತಿದ್ದ. ಅವನು ಕಂಡ ಪರದೇಶ ಎಂದರೆ ಮಾವನ ಮನೆ. ಎದುರು ಅಂಗಡಿಯ ದರ್ಜಿ ಅವನ ಹೆಂಡತಿಯ ತಮ್ಮ. ಅವನು ಒಮ್ಮೆ ಎಲ್ಲರೆದುರು, "ಭಾವ, ಇಷ್ಟೆಲ್ಲ ಹೇಳ್ತೀರಲ್ಲ, ಮರ ಹತ್ತಕ್ಕೆ ಬರುತ್ತಾ ನಿಮಗೆ?" ಎಂದು ಕೇಳಿದ. ಕನ್ನಡಕಪ್ಪ ನಕ್ಕು, "ಮೀನಿಗೆ ಈಜು ಬರುತ್ತಾ ಅಂತ ಕೇಳಿದ ಹಾಗಾಯ್ತು" ಎಂದ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಹೆಂಡತಿ. ಕೆಳಗೆ ಕಣ್ಣು ಮುಚ್ಚಿಕೊಂಡು ಸ್ಟೂಲು ಹಿಡಿಯುವವನು ಮೀನು.

ಅವನ ಪರೀಕ್ಷೆಯ ಕೊನೆಯ ಭಾಗ ಅಂಗಡಿಯ ಹೊರಗೆ ನಡೆಯುತ್ತಿತ್ತು. ಹೊಸ ಕನ್ನಡಕ ಹಾಕಿಸಿ, ಗಿರಾಕಿಯ ಮೊಣಕೈ ಹಿಡಿದು, ಬಾಗಿಲಿಗೆ ಕರೆತಂದು, ಬೀದಿಯ ಮೂಲೆಯ ಮರವನ್ನು ತೋರಿಸುತ್ತಿದ್ದ. ಅದು ಯಾವ ಕ್ಯಾಲೆಂಡರಿನಲ್ಲೂ ಬರುವ ಮರವಲ್ಲ. ಅದರ ಜಾತಿ ಯಾವುದೆಂದು ಯಾರೂ ಕೇಳಿರಲಿಲ್ಲ. ಮೂಲೆಮರ ಎಂದರೆ ಸಾಕಿತ್ತು. "ಈಗ ನೋಡಿ, ಎಲೆ ಬಿಡಿಬಿಡಿಯಾಗಿ ಕಾಣ್ತಾ?" ಎಂದು ಕೇಳಿ ಅವನು ಸುಮ್ಮನಾಗುತ್ತಿದ್ದ. ಮಾತಿನ ಮಲ್ಲನಾದ ಅವನು ದಿನದಲ್ಲಿ ಬಾಯಿ ಮುಚ್ಚುತ್ತಿದ್ದ ಒಂದೇ ಹೊತ್ತು ಅದು. ಏಕೆಂದರೆ ಆಗ ಗಿರಾಕಿಯ ಮುಖ ನೋಡುವಂತಿರುತ್ತಿತ್ತು. ವರ್ಷಗಟ್ಟಲೆ ಹಸಿರು ಮುದ್ದೆಯಾಗಿದ್ದದ್ದು ಒಮ್ಮೆಗೇ ಸಾವಿರ ಎಲೆಯಾಗಿ ಅಲುಗಾಡಿದರೆ, ಎಂಥ ಗಡಸು ಮನುಷ್ಯನ ಮುಖವೂ ಸಡಿಲವಾಗುತ್ತದೆ. ಪೊಲೀಸಿನವರೊಬ್ಬರು ಅಲ್ಲೇ ನಿಂತು ಮೂಗು ಒರೆಸಿಕೊಂಡದ್ದನ್ನು ಬೀದಿ ನೋಡಿದೆ.

ಆ ಮರಕ್ಕೆ ಒಂದು ದಿನ ಯಾರೋ ಬಂದು ಕೆಂಪು ಬಣ್ಣದ ಬಳೆ ಬರೆದು ಹೋದರು. ಮಾರನೆಯ ಬೆಳಗ್ಗೆ ಕಡಿಯುತ್ತಾರಂತೆ. ದೂರು ಕೊಟ್ಟವರು ಮಹಡಿಯಮ್ಮ.

ಮಹಡಿಯಮ್ಮ ಮರದ ಪಕ್ಕದ ಮನೆಯ ಮೇಲಂತಸ್ತಿನಲ್ಲಿ ಒಬ್ಬರೇ ಇದ್ದರು. ಅವರ ದೂರು ಸುಳ್ಳೇನಲ್ಲ. ಎಲೆ ಬಿದ್ದು ಚರಂಡಿ ಕಟ್ಟುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ ಕಾಗೆಗಳು ತಮ್ಮ ಅಭಿಪ್ರಾಯ ಬರೆದು ಹೋಗುತ್ತಿದ್ದವು. ಒಂದು ಕೊಂಬೆಯಂತೂ ನೆಂಟರ ಹಾಗೆ ಕಿಟಕಿಯ ತನಕ ಬಂದು ಸರಳಿನೊಳಗೆ ಮೂಗು ತೂರಿಸುತ್ತಿತ್ತು. ಕನ್ನಡಕಪ್ಪ ಓಡಿಹೋಗಿ ಕೈ ಮುಗಿದ.

"ಅಮ್ಮಾ, ಅಂಥಾ ಮರ ಕಡಿಸ್ತೀರಾ?"

"ಎಂಥಾ ಮರ? ಕಿಟಕಿ ತೆಗೆದ್ರೆ ಯಾರೋ ಹಸಿರು ಕಂಬಳಿ ಒಣಗಿಸಿದ ಹಾಗಿರುತ್ತೆ. ಅದರಲ್ಲಿ ನೋಡೋದೇನಿದೆ?"

ಕನ್ನಡಕಪ್ಪನಿಗೆ ತಟ್ಟನೆ ಹೊಳೆಯಿತು. ಈಕೆಗೆ ಕೈಯಳತೆಯಾಚೆಗಿನದು ಏನೂ ಕಾಣುವುದಿಲ್ಲ! ಹಿಂದಿನ ವಾರವಷ್ಟೇ ಬಂದು, "ಬಸ್ಸಿನ ಬೋರ್ಡು ಕಂಡರೆ ಸಾಕು" ಎಂದು ಗೊಣಗುತ್ತಾ ಕಣ್ಣು ತೋರಿಸಿ ಹೋಗಿದ್ದರು. ಕನ್ನಡಕ ಇನ್ನೂ ತಯಾರಾಗಿರಲಿಲ್ಲ. ಈಕೆ ಆ ಮರವನ್ನು ಒಮ್ಮೆಯೂ ನೋಡಿಯೇ ಇಲ್ಲ! ಅವನು ಅಂಗಡಿಗೆ ಹಾರಿಬಂದು, ಉಳಿದವರ ಕೆಲಸವನ್ನೆಲ್ಲ ಬದಿಗಿಟ್ಟು, ರಾತ್ರಿಯೆಲ್ಲ ಕೂತು ಅವರ ಲೆನ್ಸು ಉಜ್ಜಿ ಫ್ರೇಮಿಗೆ ಕೂರಿಸಿದ. ಮರ ಉಳಿಸಲು ಒಂದೇ ದಾರಿ: ಕಡಿಯುವವರು ಬರುವ ಮುಂಚೆ ಈ ಕನ್ನಡಕ ಆ ಮೂಗಿನ ಮೇಲೆ ಕೂರಬೇಕು.

ಬೆಳಗ್ಗೆ ಅವನು ಹೋದಾಗ ಮಹಡಿಯಮ್ಮನ ಕೆಳಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದ, ಬಡಿದ, ಕೂಗಿದ. ಮೇಲೆ ಬಚ್ಚಲಿನಲ್ಲಿ ನಲ್ಲಿ ಭೋರೆಂದು ಸುರಿಯುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಬೀದಿಯ ಆ ತುದಿಯಲ್ಲಿ ಗರಗಸದವರ ಲಾರಿ ಬಂದು ನಿಂತಿತು. ಅವರು ಇಳಿದು ಟೀ ಅಂಗಡಿಗೆ ಹೋದರು. ಮೇಲೆ ಕಿಟಕಿ ತೆರೆದಿತ್ತು. ಕೊಂಬೆ ಕಿಟಕಿಯನ್ನು ಮುಟ್ಟುತ್ತಿತ್ತು. ಅಂಗಡಿಗಳ ಬೋರ್ಡು ಬರೆಯುವವನು ತನ್ನ ಏಣಿಯನ್ನು ಮರಕ್ಕೆ ಒರಗಿಸಿಟ್ಟು ತಾನೂ ಟೀಗೆ ಹೋಗಿದ್ದ. ಏಣಿಯಿಂದ ಕೊಂಬೆ, ಕೊಂಬೆಯಿಂದ ಕಿಟಕಿ. ಲೆಕ್ಕ ಸರಿಯಾಗಿತ್ತು. ಹತ್ತಬೇಕಾದವನು ತಾನು ಎನ್ನುವುದೊಂದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆದರೆ ಅವನು ಕಸುಬು ಬಲ್ಲವನು. ತನ್ನ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಕೂಡಲೇ ಏಣಿ, ಬೀದಿ, ನೆಲ ಎಲ್ಲ ಕಲಸಿದ ಹಿಟ್ಟಿನಂತಾಗಿ, ಕೆಳಗಿರುವುದು ಎಷ್ಟು ಕೆಳಗಿದೆ ಎಂಬುದೇ ತಿಳಿಯದಾಯಿತು. ಕಾಣದ್ದಕ್ಕೆ ಹೆದರುವುದೇಕೆ? ಮಹಡಿಯಮ್ಮನ ಕನ್ನಡಕದ ಡಬ್ಬಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವನು ಏಣಿ ಹತ್ತಿದ, ಕೊಂಬೆಗೆ ಕಾಲು ಹಾಕಿದ, ಅಂಬೆಗಾಲಿಕ್ಕುತ್ತಾ ಕಿಟಕಿಯ ಹತ್ತಿರ ಬಂದ. ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಲು ಜೇಬಿನಿಂದ ತನ್ನ ಕನ್ನಡಕ ತೆಗೆದು ಹಾಕಿಕೊಂಡ. ಕೋಣೆ ಖಾಲಿಯಿತ್ತು. ಆಮೇಲೆ ಸುಮ್ಮನಿರಲಾರದೆ ಕೆಳಗೆ ನೋಡಿದ.

ಅವನೇ ಉಜ್ಜಿದ ಲೆನ್ಸು. ಬಹಳ ಚೆನ್ನಾಗಿ ಕಾಣಿಸಿತು.

ಅವನು ಕೊಂಬೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ. ಅಷ್ಟರಲ್ಲಿ ಬೋರ್ಡು ಬರೆಯುವವನು ಶಿಳ್ಳೆ ಹಾಕುತ್ತಾ ಬಂದು, ಮೇಲೆ ನೋಡದೆ, ಏಣಿಯನ್ನು ಹೆಗಲಿಗೇರಿಸಿ ಪಕ್ಕದ ಬೀದಿಗೆ ಹೋದ. "ಏಣಿ" ಎನ್ನಲು ಕನ್ನಡಕಪ್ಪ ಹವಣಿಸಿದ. ಹಲ್ಲಿನಲ್ಲಿ ಡಬ್ಬಿಯಿತ್ತು, ಮೂಗಿನಿಂದ ಗಾಳಿ ಮಾತ್ರ ಬಂತು. ಇತ್ತ ಸ್ನಾನ ಮುಗಿಸಿ ಬಂದ ಮಹಡಿಯಮ್ಮನಿಗೆ ಕಿಟಕಿಯಾಚೆ ಕೊಂಬೆಯ ಮೇಲೆ ಏನೋ ಕಪ್ಪಗೆ ದುಂಡಗೆ ಕಂಡಿತು. "ಥೂ, ಎಂಥಾ ಗಡವ ಕೋತಿ!" ಎಂದು ಅವರು ಕಿಟಕಿಯನ್ನು ದಡಾರನೆ ಮುಚ್ಚಿದರು.

ಗರಗಸದವರು ಬಂದು ನೋಡಿದರೆ ಮರದಿಂದ ಎರಡು ಚಪ್ಪಲಿ ನೇತಾಡುತ್ತಿದ್ದವು.

"ಯಾರ್ರೀ ಅದು ಮೇಲೆ? ಇಳೀರಿ, ಮರ ಕಡೀಬೇಕು!"

ಗಲಾಟೆ ಕೇಳಿ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದ. ಮೇಲೆ ನೋಡಿದ. ಮರದ ಮೇಲಿನ ಕೆಂಪು ಬಳೆ ನೋಡಿದ. ಗರಗಸ ನೋಡಿದ. ಅವನ ಕಣ್ಣು ಅರಳಿತು.

"ಅಯ್ಯೋ, ನಮ್ಮ ಭಾವ! ಮರ ಕಡೀಬಾರದು ಅಂತ ಮೇಲೆ ಹೋಗಿ ಕೂತಿದಾರೆ! ಮೊದಲು ನನ್ನನ್ನ ಕಡೀರಿ, ಆಮೇಲೆ ಮರ ಕಡೀರಿ ಅಂತಿದಾರೆ!"

ಕನ್ನಡಕಪ್ಪ ಹಾಗೇನೂ ಅಂದಿರಲಿಲ್ಲ. ಆದರೆ ದರ್ಜಿಯ ಬಾಯಿಯಿಂದ ಹೊರಟದ್ದು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅವನು ಮೂರು ದಿನದಿಂದ ಅಲ್ಲೇ ಕೂತಿದ್ದಾನೆ ಎಂದಾಗಿತ್ತು. ಜನ ಸೇರಿದರು. ಚಪ್ಪಾಳೆ ಬಿತ್ತು. ಆಗಲೂ ಅವನು ನಿಜ ಹೇಳುತ್ತಿದ್ದನೋ ಏನೋ. ಅಷ್ಟರಲ್ಲಿ ಹೆಂಡತಿ ಬಂದಳು.

ಅವಳು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಮೇಲೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮನೆಯವರು ಬಲ್ಬು ಹಾಕಕ್ಕೆ ಸ್ಟೂಲು ಹತ್ತಲ್ಲ ಕಣ್ರೀ" ಎಂದು ಪಕ್ಕದವಳಿಗೆ ಹೇಳಿದಳು. "ಮರಕ್ಕೋಸ್ಕರ ಎಲ್ಲಿ ಹತ್ತಿದಾರೆ ನೋಡಿ. ನಾನು ಸುಮ್ನೆ ಇಷ್ಟು ವರ್ಷ ಆಡ್ಕೊಂಡೆ."

ಮದುವೆಯಾದಂದಿನಿಂದ ಆ ದನಿಯಲ್ಲಿ ಅವಳು ಅವನ ಬಗ್ಗೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಬಾಯಿಯ ತನಕ ಬಂದಿದ್ದ "ಏಣಿ" ಎಂಬ ಮಾತನ್ನು ಅವನು ನುಂಗಿಬಿಟ್ಟ.

ತೋಟಗಾರಿಕೆ ಕಚೇರಿಯ ಸಾಹೇಬರು ಬಂದರು. ಸಾಧು ಮನುಷ್ಯ. ಮರಗಳ ಮೇಲಿನ ಆಸೆಯಿಂದ ಆ ಕೆಲಸಕ್ಕೆ ಸೇರಿ, ಸೇರಿದ ದಿನದಿಂದ ಮರ ಕಡಿಯುವ ಅಪ್ಪಣೆಗೆ ಸಹಿ ಹಾಕುತ್ತಾ ಬಂದವರು. ಅವರು ಕೊಂಬೆಯ ಕೆಳಗೆ ನಿಂತು ಕೈ ಜೋಡಿಸಿದರು.

"ಇಳೀರಿ ಯಜಮಾನ್ರೇ. ಬಿದ್ದರೆ ನನ್ನ ತಲೆಗೆ ಬರುತ್ತೆ."

ಅದು ಅಕ್ಷರಶಃ ನಿಜವಾಗಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಅಗ್ನಿಶಾಮಕದವರನ್ನು ಕರೆಸಿದರು. ಕೆಂಪು ಗಾಡಿ ಗಂಟೆ ಬಾರಿಸುತ್ತಾ ಬೀದಿಗೆ ತಿರುಗಿತು. ಗಾಡಿಯ ಮೇಲೆ ಏಣಿ! ಉದ್ದ, ಗಟ್ಟಿ, ಎರಡೂ ಕಡೆ ಹಿಡಿಯಿರುವ ಏಣಿ. ಆ ಲೋಹದ ಹೊಳಪಿನ ಮುಂದೆ ಕ್ಯಾಲೆಂಡರಿನ ಮರಗಳೆಲ್ಲ ಮಂಕಾದವು. ಕನ್ನಡಕಪ್ಪ ಮನಸ್ಸಿನಲ್ಲೇ ಒಂದು ಕಾಲು ಇಳಿಸಿಯೂ ಆಗಿತ್ತು.

"ಏಣಿ ಹತ್ತಿರ ತಂದ್ರೆ ನೋಡಿ!" ಎಂದು ದರ್ಜಿ ಗರ್ಜಿಸಿದ. "ನಮ್ಮ ಭಾವನ್ನ ಬಲವಂತವಾಗಿ ಇಳಿಸ್ತೀರಾ? ಮಲಗ್ರೋ ಎಲ್ಲಾ ಗಾಡಿ ಮುಂದೆ!"

ಮೊದಲು ದರ್ಜಿ ಮಲಗಿದ. ಆಮೇಲೆ ಹಾಲಿನವನು, ಟೀ ಅಂಗಡಿಯವನು. ಕೊನೆಗೆ ಕನ್ನಡಕಪ್ಪನ ಹೆಂಡತಿಯೂ ಸೀರೆ ಸರಿಮಾಡಿಕೊಂಡು ರಸ್ತೆಯ ಮೇಲೆ ಕೂತಳು. ಗಾಡಿ ಸ್ವಲ್ಪ ಹೊತ್ತು ಗುರುಗುಟ್ಟಿ, ಹಿಮ್ಮುಖವಾಗಿ ಬೀದಿ ದಾಟಿ, ಮಾಯವಾಯಿತು. ಅದು ಹೋಗುವುದನ್ನು ನೋಡುತ್ತಿದ್ದ ಕನ್ನಡಕಪ್ಪನ ಕೆನ್ನೆಯ ಮೇಲೆ ನೀರು ಇಳಿಯಿತು.

"ನೋಡಿ, ನೋಡಿ, ಆನಂದಬಾಷ್ಪ!" ಎಂದಿತು ಜನ.

ಸಾಹೇಬರು ಮರದ ಬುಡದಲ್ಲೇ ಕೂತುಬಿಟ್ಟರು. "ಹೋಗ್ಲಿ, ಈ ಮರದಲ್ಲಿ ಏನಿದೆ ಹೇಳಿ. ಪ್ರಪಂಚದಲ್ಲಿ ಎಂಥೆಂಥಾ ಮರ ಇದೆ" ಎಂದು ನಿಟ್ಟುಸಿರುಬಿಟ್ಟರು.

ಕನ್ನಡಕಪ್ಪನಿಗೆ ಮಾತು ಬೇಕಾಗಿತ್ತು. ಮಾತಾಡುತ್ತಿದ್ದರೆ ಕೆಳಗಿನ ನೆಲ ನೆನಪಾಗುವುದಿಲ್ಲ. ಡಬ್ಬಿಯನ್ನು ಹಲ್ಲಿನಿಂದ ಬಿಡಿಸಿ ಅಂಗಿಯೊಳಗೆ ತುರುಕಿಕೊಂಡ. ಕಣ್ಣು ಮುಚ್ಚಿಕೊಂಡೇ ಶುರುಮಾಡಿದ.

"ಇದೆ ಸ್ವಾಮಿ. ಒಂದು ದ್ವೀಪದಲ್ಲಿ ಕೊಡೆ ಬಿಚ್ಚಿದ ಹಾಗೆ ನಿಂತಿರೋ ಮರ ಇದೆ. ಗಾಯ ಮಾಡಿದ್ರೆ ಕೆಂಪಗೆ ರಕ್ತದ ಹಾಗೆ ಅಂಟು ಬರುತ್ತೆ. ಇನ್ನೊಂದು ಮರ ಇದೆ, ತೊಗಟೆ ಪಟ್ಟೆಪಟ್ಟೆಯಾಗಿ ಕಳಚಿದ ಹಾಗೆ ಒಳಗಿಂದ ಹಸಿರು ಬರುತ್ತೆ, ಆಮೇಲೆ ನೀಲಿ, ಆಮೇಲೆ ಕಿತ್ತಳೆ. ಯಾರೋ ಬಣ್ಣದ ಡಬ್ಬ ಚೆಲ್ಲಿ ಬೈಸ್ಕೊಂಡ ಹಾಗೆ. ಜಪಾನಿನಲ್ಲಿ ಒಂದು ಮುದಿ ಬಳ್ಳಿ ಇದೆ, ಮರದಷ್ಟು ದಪ್ಪ. ಅದಕ್ಕೆ ವಯಸ್ಸಾಯ್ತು ಅಂತ ಯಾರೂ ಕಿತ್ತು ಹಾಕಿಲ್ಲ. ಅದು ಕೈ ಚಾಚಿದ ಕಡೆಗೆಲ್ಲ ಕಂಬ ಕೊಟ್ಟಿದಾರೆ. ಹೂ ಬಿಟ್ಟಾಗ ನೇರಳೆ ಬಣ್ಣದ ಮಳೆ ಬೀಳ್ತಾ ಬೀಳ್ತಾ ಗಾಳಿಯಲ್ಲೇ ನಿಂತ ಹಾಗಿರುತ್ತಂತೆ."

ರಸ್ತೆಯಲ್ಲಿ ಮಲಗಿದ್ದವರು ಎದ್ದು ಕೂತರು. ಗರಗಸದವರು ಗರಗಸವನ್ನು ಕೆಳಗಿಟ್ಟರು.

"ಅಮೆರಿಕದಲ್ಲಿ ಒಂದು ಕಾಡಿಗೆ ಕಾಡೇ ಒಂದೇ ಮರ. ಮೇಲೆ ನೋಡಿದ್ರೆ ಸಾವಿರಾರು ಮರ, ಕೆಳಗೆ ಎಲ್ಲಕ್ಕೂ ಒಂದೇ ಬೇರು. ಅಲ್ಲೇ ಬೆಟ್ಟದ ಮೇಲೆ ಒಂದು ಪೈನ್ ಮರ ಇದೆ, ವಯಸ್ಸು ನಾಲ್ಕು ಸಾವಿರ ವರ್ಷದ ಮೇಲೆ. ಅದು ಎಲ್ಲಿದೆ ಅಂತ ಅಲ್ಲಿನವರು ಯಾರಿಗೂ ಹೇಳಲ್ಲ ಸ್ವಾಮಿ. ಗೊತ್ತಾದ್ರೆ ನಮ್ಮಂಥವರು ಹೋಗಿ ನೆನಪಿಗೆ ಅಂತ ಒಂದೊಂದು ಕಡ್ಡಿ ಮುರ್ಕೊಂಡು ಬರ್ತೀವಲ್ಲ!"

"ಇದನ್ನೆಲ್ಲ ನೋಡಿದೀರಾ ನೀವು?" ಸಾಹೇಬರು ಮೇಲೆ ನೋಡುತ್ತಾ ಕೇಳಿದರು. ಅವರ ದನಿಯಲ್ಲಿ ಸಣ್ಣ ಹುಡುಗನ ಆಸೆಯಿತ್ತು.

ನೆಲದಿಂದ ಅಷ್ಟು ಎತ್ತರದಲ್ಲಿ ಸುಳ್ಳು ಹೇಳಲು ಕನ್ನಡಕಪ್ಪನಿಗೆ ಧೈರ್ಯ ಸಾಲಲಿಲ್ಲ.

"ಇಲ್ಲ ಸ್ವಾಮಿ. ಎಲ್ಲಾ ಗೋಡೆ ಮೇಲೆ ನೋಡಿದ್ದು. ನಾನು ಕಣ್ಣಾರೆ ನೋಡಿರೋ ಮರ ಇದೊಂದೇ."

ಹೆಂಡತಿ ಮತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಸಾಹೇಬರು ಎದ್ದು ಪ್ಯಾಂಟಿನ ಧೂಳು ಕೊಡವಿದರು. "ದೂರು ಕೊಟ್ಟವರು ವಾಪಸು ತಗೊಂಡ್ರೆ ನಾನು ಈ ಕ್ಷಣ ಹೊರಟು ಹೋಗ್ತೀನಿ. ನಿಮ್ಮ ಬೇಡಿಕೆ ಏನು, ಹೇಳಿ."

"ಮಹಡಿಯಮ್ಮ ಕಿಟಕಿ ತೆಗೀಬೇಕು" ಎಂದ ಕನ್ನಡಕಪ್ಪ.

ಇಂಥ ವಿಚಿತ್ರ ಬೇಡಿಕೆಯನ್ನು ಆ ಬೀದಿ ಕೇಳಿರಲಿಲ್ಲ. ಆದರೂ ದರ್ಜಿ ಮುಷ್ಟಿ ಎತ್ತಿ, "ಕಿಟಕಿ ತೆಗೀರಿ!" ಎಂದ. "ತೆಗೀರಿ! ತೆಗೀರಿ!" ಎಂದರು ಎಲ್ಲರೂ.

ಕಿಟಕಿ ತೆರೆಯಿತು. "ಏನ್ರೀ ನಿಮ್ಮ ಗಲಾಟೆ! ಕೋತಿ ಓಡ್ಸಕ್ಕೆ ಇಷ್ಟು ಜನ ಬೇಕಾ?" ಎಂದು ಮಹಡಿಯಮ್ಮ ಕಣ್ಣು ಕಿರಿದು ಮಾಡಿ ಹೊರಗೆ ನೋಡಿದರು.

"ಕೋತಿ ಅಲ್ಲಮ್ಮಾ, ನಾನು" ಎಂದಿತು ಕೋತಿ. ಒಂದು ಕೈಯನ್ನು ಕೊಂಬೆಯಿಂದ ಬಿಡಿಸಲು ಅವನಿಗೆ ಸಾಕಷ್ಟು ಸಮಯ ಹಿಡಿಯಿತು. ಆ ಕೈ ಅಂಗಿಯೊಳಗಿನಿಂದ ಡಬ್ಬಿ ತೆಗೆದು ಸರಳುಗಳ ನಡುವೆ ಚಾಚಿತು. "ನಿಮ್ಮ ಕನ್ನಡಕ. ತಯಾರಾಗಿತ್ತು."

ಮಹಡಿಯಮ್ಮ ಡಬ್ಬಿ ತೆರೆದು, ಸೆರಗಿನಿಂದ ಗಾಜು ಒರೆಸಿ, ಕನ್ನಡಕ ಹಾಕಿಕೊಂಡರು.

ಕೆಳಗಿನವರೆಲ್ಲ ಕತ್ತು ಮೇಲೆತ್ತಿದರು. ಕನ್ನಡಕಪ್ಪ ತನ್ನ ಅಭ್ಯಾಸದಂತೆ ಸುಮ್ಮನಾದ.

ಅವರ ಹಸಿರು ಕಂಬಳಿ ಬಿಚ್ಚಿಕೊಂಡಿತು. ಎಲೆ, ಎಲೆಯ ಹಿಂದೆ ಎಲೆ, ಅದರ ಅಂಚಿನಲ್ಲಿ ಬಿಸಿಲು. ತುದಿಯಲ್ಲಿ ಆಗಷ್ಟೇ ಬಂದ ಚಿಗುರು, ಹುಟ್ಟಿದ ಕೂಸಿನ ಅಂಗೈಯಷ್ಟು ಕೆಂಪಗೆ. ಕವಲಿನಲ್ಲಿ ಕಾಗೆಯ ಗೂಡು. ಅವರೇ ಕಳೆದುಕೊಂಡಿದ್ದ ಬಟ್ಟೆಯ ಕ್ಲಿಪ್ಪು ಅದರಲ್ಲಿ ಸಿಕ್ಕಿಕೊಂಡಿತ್ತು. ಒಂದು ಇರುವೆ ತನಗಿಂತ ದೊಡ್ಡದೇನನ್ನೋ ಹೊತ್ತುಕೊಂಡು ಕಿಟಕಿಯ ಕಡೆಗೇ ಬರುತ್ತಿತ್ತು. "ಇಷ್ಟೊಂದಾ?" ಎಂದರು ಮಹಡಿಯಮ್ಮ, ಯಾರಿಗೂ ಅಲ್ಲದೆ. "ಇಷ್ಟು ದಿನ ಇದೆಲ್ಲ ಇಲ್ಲೇ ಇತ್ತಾ?"

ಅವರ ಕಣ್ಣು ಇರುವೆಯನ್ನು ಹಿಂಬಾಲಿಸುತ್ತಾ ಕೊಂಬೆಯ ಉದ್ದಕ್ಕೂ ಬಂತು. ಬಂದು ಕನ್ನಡಕಪ್ಪನ ಕೈಯ ಮೇಲೆ ನಿಂತಿತು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಮಂಡಿ ಎಲೆಗಿಂತ ಹೆಚ್ಚು ನಡುಗುತ್ತಿತ್ತು. ಇಡೀ ಬೀದಿ ಬೆಳಗಿನಿಂದ ಅವನನ್ನು ನೋಡಿತ್ತು. ಆ ನಡುಕವನ್ನು ಕಂಡವರು ಅವರೊಬ್ಬರೇ. ಕನ್ನಡಕ ಅಷ್ಟು ಚೆನ್ನಾಗಿತ್ತು.

"ಇಳಿಯಕ್ಕೆ ಬರಲ್ವಾ?" ಅವರು ತುಟಿ ಅಲುಗದಂತೆ ಕೇಳಿದರು.

ಕನ್ನಡಕಪ್ಪ ತಲೆ ಅಲ್ಲಾಡಿಸಿದ. ಅವನ ಕಣ್ಣು ಕೆಳಗೆ ಕೂತಿದ್ದ ಹೆಂಡತಿಯ ಕಡೆ ಹೋಗಿ ವಾಪಸು ಬಂತು. ಮಹಡಿಯಮ್ಮನೂ ಆ ಕಡೆ ನೋಡಿದರು. ಆ ಹೆಂಗಸಿನ ಮುಖದ ಮೇಲೆ ಏನಿದೆ ಎಂಬುದೂ ಅವರಿಗೆ ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

ಅವರು ಸರಳಿಗೆ ಮುಖವಿಟ್ಟು ಗಟ್ಟಿಯಾಗಿ ಹೇಳಿದರು: "ಸಾಹೇಬ್ರೇ, ನನ್ನ ದೂರು ವಾಪಸು. ಚರಂಡಿ ಗುಡಿಸಕ್ಕೆ ಒಬ್ಬರನ್ನ ಕಳಿಸಿ ಸಾಕು. ಈ ಕೊಂಬೆ ಸಮೇತ ಮರ ಇರಲಿ."

ಕೂಗು ಮುಗಿಲಿಗೆ ಹೋಯಿತು. ದರ್ಜಿ ಸಾಹೇಬರನ್ನು ಅಪ್ಪಿಕೊಂಡ. ಸಾಹೇಬರು ಬಿಡಿಸಿಕೊಳ್ಳಲಿಲ್ಲ, ಲಾರಿಯಿಂದ ಬಣ್ಣದ ಡಬ್ಬ ತರಿಸಿ, ಕೆಂಪು ಬಳೆಯ ಮೇಲೆ ತಾವೇ ಕಂದು ಬಣ್ಣ ಬಳಿದರು. "ಭಾವ, ಇಳೀರಿ! ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡ್ತೀವಿ!" ಎಂದು ದರ್ಜಿ ಕೈ ಚಾಚಿದ. ಕನ್ನಡಕಪ್ಪನ ಮುಖ ಬಿಳಿಚಿಕೊಂಡಿತು.

"ಮೆರವಣಿಗೆ ಗಿರವಣಿಗೆ ಏನೂ ಬೇಡ" ಎಂದು ಮಹಡಿಯಮ್ಮ ಗದರಿದರು. "ಅವರು ಸ್ವಲ್ಪ ಹೊತ್ತು ಮರದ ಜೊತೆ ಒಬ್ಬರೇ ಇರಬೇಕಂತೆ. ಎಲ್ಲಾ ಮನೆಗೆ ಹೋಗಿ. ಏನಮ್ಮಾ, ನೀನೂ ಹೋಗು, ಬೆಳಗ್ಗಿಂದ ರಸ್ತೇಲಿ ಕೂತಿದೀಯ. ದರ್ಜಿ, ಆ ಬೋರ್ಡು ಬರೆಯೋನ ಹತ್ರ ಏಣಿ ಇಸ್ಕೊಂಡು ಬಂದು ಇಲ್ಲಿ ಒರಗಿಸು. ಅವರಿಗೆ ಮನಸ್ಸಾದಾಗ ಇಳೀತಾರೆ."

ದೊಡ್ಡವರ ಮನಸ್ಸೇ ಬೇರೆ ಎಂದು ಮಾತಾಡಿಕೊಳ್ಳುತ್ತಾ ಜನ ಕರಗಿದರು. ಏಣಿ ಬಂದು ಮರಕ್ಕೆ ಒರಗಿತು. ಹೆಂಡತಿ ಬೀದಿಯ ತಿರುವಿನ ತನಕ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಾ ಹೋದಳು.

ಮಧ್ಯಾಹ್ನದ ಬಿಸಿಲು ಎಲೆಗಳ ನಡುವಿನಿಂದ ಅವನ ಬೆನ್ನಿನ ಮೇಲೆ ಬಿದ್ದಿತ್ತು. ಕಿಟಕಿಯೊಳಗೆ ಪಾತ್ರೆಗಳ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮಹಡಿಯಮ್ಮನ ಕೈ ಹೊರಗೆ ಬಂತು. ತಟ್ಟೆ ಸರಳಿನಲ್ಲಿ ಹಿಡಿಸುವುದಿಲ್ಲವೆಂದು ಸಣ್ಣದೊಂದು ಡಬ್ಬಿಯಲ್ಲಿ ಬಿಸಿ ಊಟ ಹಾಕಿದ್ದರು. ಅವನು ಕೊಂಬೆಯಿಂದ ಎರಡೂ ಕೈ ತೆಗೆಯುವ ಸ್ಥಿತಿಯಲ್ಲಿ ಇರಲಿಲ್ಲ. ಅದನ್ನೂ ಅವರು ನೋಡಿದ್ದರು. ಎಲ್ಲವನ್ನೂ ತಾವೇ ಕಲಸಿ, ಒಂದೇ ಕೈಯಲ್ಲಿ ಎತ್ತಿಕೊಳ್ಳುವಷ್ಟು ಸಣ್ಣ ಸಣ್ಣ ತುತ್ತು ಮಾಡಿ ಜೋಡಿಸಿದ್ದರು. ಡಬ್ಬಿಯನ್ನು ಕೊಂಬೆಯ ಮೇಲೆ, ಅವನ ಕೈಗೆ ಎಟಕುವ ಕಡೆ ಇಟ್ಟು, ಅವನು ಮೊದಲ ತುತ್ತು ಎತ್ತಿಕೊಳ್ಳುವ ತನಕ ಸರಳಿನಾಚೆಯಿಂದ ಅದನ್ನು ಅಲುಗದಂತೆ ಹಿಡಿದುಕೊಂಡಿದ್ದರು.